ಹೆಬ್ಬೆಟ್ಟಿಗೆ ಸಿಂಧಘಟ್ಟ

ರಕ್ಷಿತಾ, ತೇಜು, ನಿಮ್ಮ ಶ್ರೀರಂಗಪಟ್ಟಣದ ಚಿಕ್ಕಜ್ಜಿಗೆ ಹುಚ್ಚು ಹಿಡಿದಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವಳಿಗೆ ಹಿಡಿದಿರುವುದು ಸೋಪು. ಹುಚ್ಚಾಗಿದ್ದರೆ ಎಲ್ಲಾದರೂ ಕರೆದುಕೊಂಡು ಹೋಗಿ ಬಿಡಿಸಬಹುದಿತ್ತು. ಸೋಪು ಬಿಡಿಸುವವರು ನಮ್ಮ ಸುತ್ತಿನ ನಾಲ್ಕು ತಾಲ್ಲೂಕಿನಲ್ಲಿ ಯಾರೂ ಇಲ್ಲ.

ತೇಜು, ನಿನಗೆ ಇನ್ನೂ ಓದಲು ಬರುವುದಿಲ್ಲ. ಅಕ್ಕ ಓದಿ ಹೇಳಲಿ. ನಾನು ಸಿಂಧಘಟ್ಟದ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ಈಗಲೂ ನಾಚಿಕೆ. ಬರೆಯುವುದಕ್ಕೆ ಅಷ್ಟು ನಾಚಿಕೆಯಿಲ್ಲ. ಹಾಳೆ ನನ್ನ ಮುಖ ನೋಡುವುದಿಲ್ಲವಲ್ಲ!

ಚಿಕ್ಕಜ್ಜಿ ಎಂದರೆ ನಿಮ್ಮ ತಾತನ ತಂಗಿ, ನನ್ನ ನಾದಿನಿ. ಈ ಪಾಂಡವಪುರದ ಮನೆಯಲ್ಲಿ ಹುಟ್ಟಿ ಶ್ರೀರಂಗಪಟ್ಟಣಕ್ಕೆ ಮದುವೆಯಾಗಿ ಹೋದವಳು. ಮೊದಲು ಹೇಗಿದ್ದಳು ಗೊತ್ತೇ? ಕೊಟ್ಟಿಗೆಯಿಂದ ನೇರವಾಗಿ ಬಂದು, ಕೈಯನ್ನು ಸೆರಗಿಗೆ ಎರಡು ಸಲ ಒರೆಸಿ, ಮುದ್ದೆ ಕಟ್ಟಿ ಬಡಿಸುತ್ತಿದ್ದಳು. ನಿಮ್ಮಪ್ಪ ಮುಖ ಸಿಂಡರಿಸಿದರೆ, ‘ಹಸಾ ಅಂದ್ರೆ ಲಕ್ಸ್ಮಿ ಕಣ್ಲಾ, ತಿನ್ನು’ ಎನ್ನುತ್ತಿದ್ದಳು. ತಿಂದೆವು. ಯಾರೂ ಹಾಸಿಗೆ ಹಿಡಿಯಲಿಲ್ಲ. ಅದು ಲಕ್ಷ್ಮಿಯ ದೊಡ್ಡತನವೇ ಇರಬೇಕು.

ಐವತ್ತು ದಾಟಿದ ಮೇಲೆ ಅವಳ ಬದುಕಿನಲ್ಲಿ ತರಬೇತಿ ಎಂಬುದು ಬಂತು. ಮನೆಮನೆಗೆ ಹೋಗಿ ಕಾಯಿಲೆಯವರನ್ನು ನೋಡಿಕೊಳ್ಳುವ ಹೆಂಗಸರನ್ನು ಕಳಿಸುವ ಕಚೇರಿಯೊಂದು ಅವಳ ಬೀದಿಯ ತುದಿಯಲ್ಲೇ ಬಾಗಿಲು ತೆರೆಯಿತು. ಕೆಲಸಕ್ಕೆ ಸೇರುವ ಮೊದಲು ಹತ್ತು ದಿನ ಕೂತು ಕಲಿಯಬೇಕು. ರೋಗಿಯಿಂದ ನಮಗೆ, ನಮ್ಮಿಂದ ರೋಗಿಗೆ ಏನೂ ಅಂಟದಂತೆ ಹೇಗಿರಬೇಕು, ರೋಗಿಯನ್ನು ಎತ್ತುವಾಗ ನಮ್ಮ ಸೊಂಟ ಹೇಗೆ ಉಳಿಸಿಕೊಳ್ಳಬೇಕು, ಚುಚ್ಚಿದ ಸೂಜಿ ಎಲ್ಲಿ ಹಾಕಬೇಕು, ಒದ್ದೆ ನೆಲದಲ್ಲಿ ಹೇಗೆ ಬೀಳದಿರಬೇಕು. ಹೋದವಳು ನನ್ನ ನಾದಿನಿ. ವಾಪಸ್ಸು ಬಂದವಳು ಬೇರೆ ಯಾರೋ.

ಆ ತರಗತಿಯ ಕಥೆಯನ್ನು ಆಮೇಲೆ ಅವಳೇ ಹೇಳಿದ್ದು. ಕಲಿಸುವ ಮೇಡಮ್ಮು ಒಂದು ದಿನ ಕೈಗವಸು ಬಿಚ್ಚುವುದನ್ನು ತೋರಿಸಿದರಂತೆ. ಹೊರಗಿನ ಕೊಳೆ ಕೈಗೆ ತಾಗಬಾರದು, ಒಳಮೈ ಹೊರಗಾಗುವಂತೆ ಎಳೆಯಬೇಕು. ಎರಡು ಸಲ ತೋರಿಸಿದರೂ ಹೆಂಗಸರಿಗೆ ಬರಲಿಲ್ಲ. ಒಬ್ಬಳಂತೂ ಹಲ್ಲಿನಲ್ಲಿ ಕಚ್ಚಿ ಎಳೆದಳಂತೆ! ಆಗ ಚಿಕ್ಕಜ್ಜಿ ಎದ್ದು ನಿಂತಳು.

‘ನಿಮ್ಮನೇಲಿ ಅವರೆಕಾಳು ಇದುಕಾಕಿಲ್ವೇನ್ರಮ್ಮಾ? ಅಂಗೇಯ! ಕೈ ಅನ್ನೋದು ಬೇಳೆ, ಇದು ಸಿಪ್ಪೆ. ಬೇಳೆ ಪಿಚಕ್ ಅಂತ ಈಚೆಗ್ ಬರ್ಬೇಕು, ಸಿಪ್ಪೆ ಮುದುರ್ಕಂಡು ಅಲ್ಲೇ ಬೀಳ್ಬೇಕು.’

ಹತ್ತು ನಿಮಿಷದಲ್ಲಿ ತರಗತಿಯೆಲ್ಲ ಪಿಚಕ್ ಪಿಚಕ್. ಮೇಡಮ್ಮು ಪೇಟೆಯವರು. ಹಿದುಕಿದ ಬೇಳೆಯ ಸಾರು ಉಂಡಿದ್ದರೇ ಹೊರತು ಹಿದುಕಿದವರಲ್ಲ. ಪುಸ್ತಕ ತೆಗೆದು ಬರೆದುಕೊಂಡರಂತೆ.

ಆದರೆ ಕೈ ತೊಳೆಯುವುದರಲ್ಲಿ ಅವಳೇ ಸಿಕ್ಕಿಬಿದ್ದಳು. ಅದಕ್ಕೆ ಏಳು ಹಂತಗಳಂತೆ. ನಾವು ಐವತ್ತು ಅರವತ್ತು ವರ್ಷ ಒಂದೇ ಹಂತದಲ್ಲಿ ತೊಳೆದುಕೊಂಡವರು! ಏಳನ್ನು ನೆನಪಿಡುವುದು ಹೇಗೆ? ಅವಳು ಒಂದೊಂದು ಹಂತಕ್ಕೂ ನಂಟರ ಒಂದೊಂದು ಊರು ಕಟ್ಟಿದಳು. ಅಂಗೈಗೆ ಪಾಂಡವಪುರ, ಅದು ತವರು. ಕೈಯ ಹಿಂಬದಿಗೆ ಶ್ರೀರಂಗಪಟ್ಟಣ, ಅದು ಗಂಡನ ಮನೆ. ‘ಅವರ್ನ ಇಂದ್ಗಡೆ ಇಟ್ಟಿರೋದು ಅವರ್ಗೆ ಗೊತ್ತಿಲ್ಲ, ಯೋಳ್ಬ್ಯಾಡ’ ಎಂದು ನನಗೆ ಹೇಳಿದ್ದಾಳೆ. ಬೆರಳ ಸಂದಿಗೆ ಶೀಳನೆರೆ, ಯಾಕೆಂದರೆ ಅಲ್ಲಿ ಅವಳ ದೊಡ್ಡಮ್ಮನ ಮನೆ ಇರುವುದೇ ಸಂದಿಯಲ್ಲಿ. ಗೆಣ್ಣಿಗೆ ನಾಗಮಂಗಲ. ಉಗುರಿಗೆ ಕೆ.ಆರ್.ಪೇಟೆ. ಕೊನೆಗೆ ಮಣಿಕಟ್ಟಿಗೆ ಆದಿಚುಂಚನಗಿರಿ. ಅಲ್ಲಿ ನಂಟರಿಲ್ಲ, ಕೈಮುಗಿದು ಮುಗಿಸುವುದಕ್ಕೆ. ಒಂದೊಂದು ಊರಿನಲ್ಲೂ ನಿಂತು ನಂಟರನ್ನೆಲ್ಲ ನೆನೆದು ಮುಂದಕ್ಕೆ ಹೋದರೆ ಹೊತ್ತೂ ಸರಿಯಾಗುತ್ತಿತ್ತು.

ಎಣಿಸಿ ನೋಡಿ. ಆರೇ ಊರು!

ಪರೀಕ್ಷೆಯ ದಿನ ಆರು ಊರು ಸುತ್ತಿ ಬಂದು ಕೈ ಒರೆಸಿಕೊಂಡಳು.

‘ಹೆಬ್ಬೆರಳು ಯಾಕೆ ಬಿಟ್ರಿ?’ ಎಂದರು ಮೇಡಮ್ಮು.

‘ಅವರ್ಗೂ ನಮಗೂ ಮಾತಿಲ್ಲ ಮೇಡಮ್ಮು.’

‘ಯಾರಿಗೂ?’

‘ಹೆಬ್ಬೆಟ್ಟಿಗೂ.’

ಅವತ್ತು ಫೇಲು. ಬೇರೆ ಯಾವುದಾದರೂ ಊರು ಇಟ್ಟುಕೊಳ್ಳಿ ಎಂದು ಮೇಡಮ್ಮು ಸಮಾಧಾನ ಹೇಳಿದರೆ, ‘ಬ್ಯಾರೆ ಊರಿಗೆ ಕೊಟ್ರೆ ಬೆಟ್ಟು ಒಪ್ಪಾಕಿಲ್ಲ’ ಎಂದಳಂತೆ. ಎರಡನೇ ಸಲವೂ ಫೇಲು.

ಆ ಬಿಟ್ಟುಹೋದ ಊರು ಸಿಂಧಘಟ್ಟ. ಸಿಂಧಘಟ್ಟ ಎಂದರೆ ನಾನು. ಈ ಮನೆಗೆ ಬಂದಾಗಿನಿಂದ ನನ್ನನ್ನು ಹೆಸರು ಹಿಡಿದು ಕರೆದವರು ಕಡಿಮೆ, ಎಲ್ಲರಿಗೂ ನಾನು ಸಿಂಧಘಟ್ಟದವಳು.

ಮಾತು ಬಿಟ್ಟಿದ್ದು ನಿಮ್ಮ ಚಿಕ್ಕಪ್ಪನ ಮದುವೆಯಲ್ಲಿ. ಮದುವೆಗೆ ಮನೆಮಗಳನ್ನು ಕರೆಯುವುದೆಂದರೆ ಅವಳ ಮನೆಗೆ ಹೋಗಿ, ಅರಿಶಿನ ಕುಂಕುಮ ಕೊಟ್ಟು, ಬಾ ಎನ್ನಬೇಕು. ನಿಮ್ಮಮ್ಮ ಆಗ ತೇಜುವಿನ ಬಾಣಂತನಕ್ಕೆ ತವರಿನಲ್ಲಿದ್ದಳು. ನಾನು ಹೋಗಲಿಲ್ಲ. ನಿಮ್ಮಪ್ಪನ ಕೈಯಲ್ಲಿ ಪತ್ರಿಕೆ ಕಳಿಸಿದೆ. ಅವನು ಅದನ್ನು ಟೀವಿಯ ಮೇಲಿಟ್ಟು, ಕಾಫಿ ಕುಡಿದು ಬಂದ. ಅವಳು ಧಾರೆಗೆ ಬಂದಳು, ಅಕ್ಷತೆ ಹಾಕಿದಳು, ಊಟ ಮಾಡದೆ ಹೋದಳು. ಆಮೇಲೆ ಮೂರು ವರ್ಷ ನನ್ನೊಂದಿಗೆ ಮಾತಿಲ್ಲ. ನಾನೂ ಯಾಕೆ ಹೋಗಲಿಲ್ಲವೆಂದು ಹೇಳಲಿಲ್ಲ. ಹೇಳಲು ಬಾಯಿ ತೆರೆಯಬೇಕಲ್ಲ.

ಇನ್ನು ನನ್ನ ಕಾಲಿನ ವಿಷಯ. ಹೊಸ್ತಿಲು ಎಡವಿ ಬಲಗಾಲಿನ ಹೆಬ್ಬೆಟ್ಟು ಒಡೆಯಿತು. ಅರಿಶಿನ ಮೆತ್ತಿ ಸುಮ್ಮನಿದ್ದೆ. ನನಗೆ ಸಕ್ಕರೆ ಕಾಯಿಲೆ ಇರುವುದು ನನಗೆ ಮರೆತಿದ್ದರೂ ಬೆಟ್ಟಿಗೆ ಮರೆತಿರಲಿಲ್ಲ. ಹತ್ತು ದಿನಕ್ಕೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಡಾಕ್ಟರು ಕೊಯ್ದು ಕೀವು ತೆಗೆದು, ‘ದಿನಾ ಡ್ರೆಸ್ಸಿಂಗ್ ಆಗಬೇಕು. ಬರಿಗೈಯಲ್ಲಿ ಯಾರೂ ಮುಟ್ಟಬಾರದು. ಮತ್ತೆ ಕೀವಾಗಿ ಮೂಳೆಗಿಳಿದರೆ ಬೆರಳು ತೆಗೆಯಬೇಕಾಗುತ್ತೆ’ ಎಂದರು. ನಿಮ್ಮಪ್ಪ ಆ ಕಚೇರಿಗೆ ಫೋನು ಮಾಡಿ ಯಾರನ್ನಾದರೂ ಕಳಿಸಿ ಎಂದ.

ಮಾರನೆಯ ದಿನ ಆಟೋದಿಂದ ಇಳಿದವಳು ನಾದಿನಿ. ತಲೆಗೆ ಟೋಪಿ, ಮುಖಕ್ಕೆ ಮಾಸ್ಕು, ಸೀರೆಯ ಮೇಲೆ ನೀಲಿ ಮೇಲಂಗಿ. ಗುರುತು ಸಿಕ್ಕಿದ್ದು ನಡಿಗೆಯಿಂದ. ನಿಮ್ಮ ತಾತನದೇ ನಡಿಗೆ.

‘ಮೂರ್ನೇ ಸಲಕ್ಕೆ ಪಾಸಾದೆ’ ಎಂದಳು. ಮೂರು ವರ್ಷದ ಮೇಲೆ ಆಡಿದ ಮೊದಲ ಮಾತು. ‘ಆ ಪರೀಕ್ಸೇಲಿ ಸಿಂಧಘಟ್ಟ ಸೇರಿಸ್ಕಂಡೆ. ಪರೀಕ್ಸೆಗೋಸ್ಕರ. ಪ್ರೀತಿಗಲ್ಲ. ಕಾಲು ಚಾಚು ಅತ್ಗೆ.’

ನಾನು ಚಾಚಿದೆ.

ಅಂದಿನಿಂದ ಆರು ವಾರ ಈ ಮನೆ ನನ್ನದಾಗಿರಲಿಲ್ಲ. ಎಡವುವಂಥದ್ದು ಏನೂ ಇರಬಾರದೆಂದು ಕಾಲೊರಸು ಹೋಯಿತು, ಮಣೆ ಹೋಯಿತು. ಹೊಸ್ತಿಲನ್ನೂ ಕೀಳಿಸುತ್ತಿದ್ದಳೇನೋ, ನಿಮ್ಮಪ್ಪ ಅಡ್ಡ ಬಂದ. ಚುಚ್ಚುವಂಥದ್ದೆಲ್ಲ ಗಟ್ಟಿ ಡಬ್ಬದಲ್ಲಿರಬೇಕೆಂದು ನನ್ನ ಸೆರಗಿನ ಪಿನ್ನು, ಹೊಲಿಗೆಯ ಸೂಜಿ, ಗೋಡೆಯ ಮೊಳೆ ಎಲ್ಲ ಉಪ್ಪಿನಕಾಯಿಯ ಹಳೆಯ ಡಬ್ಬ ಸೇರಿದವು. ಮೊಳೆ ಹೋದ ಮೇಲೆ ನಿಮ್ಮ ತಾತನ ಫೋಟೊ ಆರು ವಾರ ಬೀರುವಿನ ಮೇಲೆ ಒರಗಿ ಕೂತಿತ್ತು. ನನ್ನನ್ನು ಹಾಸಿಗೆಯಿಂದ ಎಬ್ಬಿಸುವ ಮೊದಲು ತಾನು ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ‘ಒಂದು, ಎರಡು, ಮೂರು’ ಎನ್ನುತ್ತಿದ್ದಳು. ಅಷ್ಟು ಹೊತ್ತಿಗೆ ನಾನೇ ಎದ್ದು ನಿಂತಿರುತ್ತಿದ್ದೆ. ‘ಕೂತ್ಕ! ನಾನಿನ್ನೂ ಎತ್ತಿಲ್ಲ’ ಎಂದು ಮತ್ತೆ ಕೂರಿಸುತ್ತಿದ್ದಳು.

ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತೇವಲ್ಲ, ಅಲ್ಲಿ ಒಂದು ರಟ್ಟು ನಿಲ್ಲಿಸಿದಳು: ‘ಎಚ್ಚರಿಕೆ! ನೆಲ ಒದ್ದೆ ಇದೆ.’ ಹಾಲಿನವನು ಅದನ್ನು ನೋಡಿ ಎರಡು ದಿನ ಹಾಲು ಹಾಕದೆ ಹೋದ. ಒಳಗೆ ಏನೋ ಆಗಬಾರದ್ದು ಆಗಿದೆ ಎಂದುಕೊಂಡನಂತೆ.

ಒಂದು ದಿನ ಸಿಂಧಘಟ್ಟದಿಂದ ನನ್ನ ಅಣ್ಣ ನೋಡಲು ಬಂದ. ಹಳ್ಳಿಯವರು ಕಾಯಿಲೆಯವರನ್ನು ನೋಡುವುದೆಂದರೆ ಕಣ್ಣಿನಿಂದಲ್ಲ, ಕೈಯಿಂದ. ನೇರವಾಗಿ ಬಂದು ಕಾಲಿಗೆ ಕೈ ಚಾಚಿದ.

‘ಅಲ್ಲೇ ನಿಂತ್ಕಳಿ!’ ಎಂದಳು ಇವಳು. ‘ಕೈ ತೊಳ್ದಿದ್ದೀರಾ?’

‘ಬೆಳಿಗ್ಗೆ ಸ್ನಾನ ಮಾಡಿವ್ನಿ ಕಣಮ್ಮಾ.’

‘ಬೆಳಿಗ್ಗೆ ಇಲ್ಲಿದ್ರಾ? ಬಸ್ಸಿನ ಕಂಬಿ ಇಡ್ಕಂಡ್ರಿ, ಮೂಗೊರೆಸ್ಕಂಡ್ರಿ, ಅದೇ ಕೈಲಿ ತಂಗೀನ ಮುಟ್ಟೀರಾ? ಬೆಟ್ಟು ಹೋದ್ರೆ ನಿಮ್ದು ಕೊಡ್ತೀರಾ?’

ಅಣ್ಣ ಬಚ್ಚಲಿಗೆ ಹೋದ. ಅವಳು ಹಿಂದೆ ನಿಂತು ಏಳು ಊರನ್ನೂ ಸುತ್ತಿಸಿದಳು. ಐದನೆಯದಕ್ಕೆ ಅಣ್ಣನ ದನಿ ಕೇಳಿಸಿತು: ‘ಅಯ್ಯೋ, ಇದು ನಮ್ಮೂರೇ ಕಣಮ್ಮಾ!’

‘ಅದ್ಕೇ ಚೆನ್ನಾಗಿ ತಿಕ್ಕಿ’ ಎಂದಳು.

ಅವಳೂ ದಿನಕ್ಕೆ ಎಷ್ಟೋ ಸಲ ಕೈ ತೊಳೆಯುತ್ತಿದ್ದಳು. ನಾನು ಮಲಗಿದ ಕಡೆಯಿಂದ ಎಲ್ಲ ಕೇಳುತ್ತಿತ್ತು. ಪಾಂಡವಪುರ, ಶ್ರೀರಂಗಪಟ್ಟಣ, ಶೀಳನೆರೆ, ನಾಗಮಂಗಲ. ಆಮೇಲೆ, ‘ಸಿಂಧಘಟ್ಟ, ಸಿಂಧಘಟ್ಟ.’ ಎರಡು ಕೈಗೆ ಎರಡು ಹೆಬ್ಬೆಟ್ಟು, ಸರಿ. ನಾಲ್ಕನೆಯ ವಾರ ಗಾಯದ ಅಂಚಿನಲ್ಲಿ ಮತ್ತೆ ಕೀವಿನ ಬಿಳಿ ಕಂಡಿತು. ಡಾಕ್ಟರು ನೋಡಿ, ಇನ್ನು ಎರಡು ವಾರ ಕಾಯೋಣ, ಆಗದಿದ್ದರೆ ತೆಗೆಯೋಣ ಎಂದರು. ಅವತ್ತಿನಿಂದ ಎಣಿಸಿದೆ. ಸಿಂಧಘಟ್ಟ ನಾಲ್ಕು ಸಲ, ಐದು ಸಲ. ಇವಳಿಗೆ ಎಷ್ಟು ಹೆಬ್ಬೆಟ್ಟು?

ಆ ವಾರ ಒಂದು ಮಧ್ಯಾಹ್ನ ಪಟ್ಟಿ ಬಿಚ್ಚುತ್ತಾ, ಗಾಯದ ಮೇಲಿಂದ ಕಣ್ಣೆತ್ತದೆ ಕೇಳಿದಳು: ‘ಯಾಕತ್ಗೆ ಬರ್ಲಿಲ್ಲ ನನ್ನ ಕರ್ಯಾಕೆ?’

ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಅದಕ್ಕೇ ಹೇಳಲು ಬಂತೋ ಏನೋ. ‘ನಿಮ್ಮಣ್ಣ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ ಕಣವ್ವ. ಕುಂಕುಮದ ಬಟ್ಲು ಇಡ್ಕಂಡು ಶುಭಕ್ಕೆ ಕರ್ಯಾಕೆ ನಾನ್ ಹೆಂಗೆ ಬರ್ಲಿ? ಮುತ್ತೈದೆ ನೀನು. ನನ್ನ ಕೈಯಿಂದ ನಿನಗೇನಾದ್ರೂ ಆದ್ರೆ?’

ಅವಳ ಕೈ ನಿಂತಿತು. ಆಮೇಲೆ ಔಷಧ ಹಚ್ಚಿ, ಹೊಸ ಪಟ್ಟಿ ಸುತ್ತಿ ಮುಗಿಸಿದಳು. ಪಿಚಕ್ ಎಂದು ಒಂದು ಕೈಗವಸು ತೆಗೆದಳು, ಪಿಚಕ್ ಎಂದು ಇನ್ನೊಂದು.

‘ಮುಟ್ಟಿದ್ರೆ ಏನೇನು ಅಂಟ್ಕತದೆ ಅಂತ ಹತ್ತು ದಿನ ಕೂತು ಕಲ್ತಿವ್ನಿ ಕಣತ್ಗೆ’ ಎಂದಳು. ‘ಕಜ್ಜಿ ಅಂಟ್ಕತದೆ. ಕೆಮ್ಮು ಅಂಟ್ಕತದೆ. ಕೀವು ಅಂಟ್ಕತದೆ. ಗಂಡ ಸತ್ತಿರೋದು ಆ ಪಟ್ಟೀಲಿ ಇಲ್ಲ.’

ಎದ್ದು ಬಚ್ಚಲಿಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಬಿದ್ದಿತು. ಅವತ್ತು ಯಾವ ಊರಿನ ಹೆಸರೂ ಕೇಳಿಸಲಿಲ್ಲ.

ಎರಡು ವಾರ ಕಳೆದು ಡಾಕ್ಟರು ಪಟ್ಟಿ ಬಿಚ್ಚಿ, ಒತ್ತಿ ನೋಡಿ, ಬೆರಳು ತೆಗೆಯುವುದು ಬೇಡ, ಪಟ್ಟಿಯೂ ಬೇಡ ಎಂದರು. ‘ಸಿಂಧಘಟ್ಟ ಉಳ್ಕತು ಬುಡಿ ಡಾಕ್ಟ್ರೇ’ ಎಂದು ಇವಳು ಕಣ್ಣೊರೆಸಿಕೊಂಡಳು. ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಮನೆಗೆ ಬಂದ ಮೇಲೆ ಮೊದಲ ಸಲ ಬರಿಗೈಯಲ್ಲಿ ಆ ಬೆಟ್ಟನ್ನು ಹಿಡಿದುಕೊಂಡು ಕೂತಳು. ಕೈ ಒರಟು, ಸೋಪಿಗೆ ಸುಲಿದುಹೋಗಿತ್ತು.

ಹೊರಡುವ ದಿನ ನಿಮ್ಮಮ್ಮ ಕುಂಕುಮದ ತಟ್ಟೆ ತಂದಳು. ‘ನೀನಲ್ಲ ಕಣವ್ವ. ನಮ್ಮತ್ಗೆ ಇಡ್ಲಿ’ ಎಂದಳು ಚಿಕ್ಕಜ್ಜಿ. ನಾನು ತಟ್ಟೆಗೆ ಕೈ ಚಾಚಿದೆ. ಅವಳು ತಟ್ಟೆ ಹಿಂದಕ್ಕೆಳೆದುಕೊಂಡಳು.

‘ಮೊದ್ಲು ಕೈ ತೊಳ್ಕಂಡ್ ಬಾ.’

ಹೋದೆ. ಅವಳಿಗೆ ಕೇಳಲಿ ಎಂದು ಗಟ್ಟಿಯಾಗಿ ಹೇಳುತ್ತಾ ತೊಳೆದೆ. ಅಷ್ಟು ಗಟ್ಟಿಯಾಗಿ ನಾನು ಈ ಮನೆಯಲ್ಲಿ ಯಾವತ್ತೂ ಮಾತಾಡಿದವಳಲ್ಲ. ಪಾಂಡವಪುರ, ಶೀಳನೆರೆ...

‘ಶ್ರೀರಂಗಪಟ್ಣ ಬುಟ್ಟೆ!’ ಹಜಾರದಿಂದ ಕೂಗಿದಳು. ‘ಮೂರ್ ವರ್ಸ ನಾನ್ ನಿನ್ನ ಬುಟ್ಟಿದ್ದೆ, ಒಪ್ಕತೀನಿ. ಈಗ ನೀನ್ ನನ್ನ ಬುಡ್ತಿಯಾ? ಮೊದ್ಲಿಂದ ತೊಳಿ!’

ಮೊದಲಿನಿಂದ ತೊಳೆದೆ. ಒದ್ದೆ ಬೆರಳಿನಲ್ಲೇ ಅವಳ ಹಣೆಗೆ ಕುಂಕುಮ ಇಟ್ಟೆ. ಸ್ವಲ್ಪ ಮೂಗಿನ ಮೇಲೆ ಇಳಿಯಿತು. ಅವಳು ಒರೆಸಿಕೊಳ್ಳದೆ ಹಾಗೇ ಬಸ್ಸು ಹತ್ತಿದಳು.

ರಕ್ಷಿತಾ, ಈ ಹಾಳೆಗಳನ್ನು ಆ ಉಪ್ಪಿನಕಾಯಿ ಡಬ್ಬದಲ್ಲೇ ಇಟ್ಟುಕೋ. ಸೂಜಿ, ಮೊಳೆ ಎಲ್ಲ ತೆಗೆದಿದ್ದೇನೆ, ಮುಚ್ಚಳ ಗಟ್ಟಿ ಇದೆ. ತೇಜು ಓದಲು ಕಲಿತ ದಿನ ಅವನ ಕೈಗೆ ಕೊಡು. ಕೊಡುವ ಮೊದಲು ಇಬ್ಬರೂ ಕೈ ತೊಳೆದುಕೊಳ್ಳಿ. ಯಾವ ಊರನ್ನೂ ಬಿಡಬೇಡಿ.