ಅಕ್ಕನ ಕೋಳಿ ಮತ್ತು ನನ್ನ ಪಿತ್ತಕೋಶ

ಟಿಣ್ ಟಿಣ್ ಟಿಣ್! ಸ್ಟೀಲ್ ತಾಟಿನ ಅಂಚಿಗೆ ಚಮಚದ ಏಟು. ಬ್ಯಾಡಗಿಯ ಅಕ್ಕನ ಮನೆ ಅಂದಕೂಡಲೇ ನನ್ನ ಕಿವಿಗೆ ಮೊದಲು ಬರುವುದು ಆ ಸದ್ದು. ಚಿಕ್ಕಂದಿನಲ್ಲಿ ಅವಳು ನನ್ನನ್ನು ಊಟಕ್ಕೆ ಕರೆಯುತ್ತಿದ್ದುದು ಹಾಗೆಯೇ. ಆ ಟಿಣ್ ಟಿಣ್ ನನ್ನದು, ಓನ್ಲಿ ಮೈನ್, ಅಂದುಕೊಂಡಿದ್ದೆ. ತಲೆ ನೆರೆತ ಮೇಲೆ ಹೋಗಿ ನೋಡುತ್ತೇನೆ, ಅದನ್ನು ಕೇಳಿ ಓಡಿ ಬರುತ್ತಿರುವುದು ಕೋಳಿಗಳು!

ಲೋಕದಲ್ಲಿ ಎಲ್ಲರೂ ಬೆಳಿಗ್ಗೆ ಎದ್ದು ದೇವರ ಮುಖ ನೋಡಿದರೆ, ನಮ್ಮಕ್ಕ ಕೋಳಿಯ ಇನ್ನೊಂದು ತುದಿ ನೋಡುತ್ತಿದ್ದಳು. ನಗಬೇಡಿ, ನಿಜ. ಮೂಗಿನ ತುದಿಗೆ ಕನ್ನಡಕ, ಕೈಯಲ್ಲೊಂದು ಕಸಬರಿಗೆ ಕಡ್ಡಿ; ಹಿತ್ತಿಲ ತುಂಬ ಬಗ್ಗಿ ಬಗ್ಗಿ, ಜ್ಯೋತಿಷಿ ಅಂಗೈ ಓದಿದ ಹಾಗೆ ಹಿಕ್ಕೆ ಓದುವಳು. "ಇದು ಗಟ್ಟಿ ಐತಿ, ಚಲೋ. ಇದು ನೀರು ನೀರು, ಈಕಿ ಏನೋ ತಿನಬಾರದ್ದು ತಿಂದಾಳ. ಇದು ಯಾಕ ಹಿಂಗ ಹಸರು?" ಹಿತ್ತಿಲ ಮೆಟ್ಟಿಲ ಮೇಲೆ ಚಹಾ ಕಪ್ಪು ಹಿಡಿದು ಕುಳಿತ ನನ್ನ ಗತಿ ಏನಾಗಬೇಡ? ಚಹಾ ವಾಪಸ್ ಅಡಿಗೆಮನೆಗೆ!

ಅದೂ ಎಂಥ ಮನೆ? ಮೊಟ್ಟೆ ಹೊಸ್ತಿಲು ದಾಟದ ಮನೆ. ಕೋಳಿಗಳು ಇಟ್ಟದ್ದೆಲ್ಲ ಓಣಿಯ ಬಾಣಂತಿಯರಿಗೆ. ನಾನೊಮ್ಮೆ ತಡೆಯಲಾರದೆ ಕೇಳಿದೆ: "ಅಕ್ಕಾ, ನೀ ತತ್ತಿ ತಿನ್ನಂಗಿಲ್ಲ, ಕೋಳಿನೂ ತಿನ್ನಂಗಿಲ್ಲ. ಮತ್ತ ಯಾಕ ಸಾಕೀದಿ?"

"ಅವ್ವ ಸತ್ತಮ್ಯಾಲೆ ನಿನ್ನೂ ಸಾಕೀನಲ್ಲ, ತಿಂದೇನೇನು?"

ಕಾನ್ವೆಂಟಿನಲ್ಲಿ ಡಿಬೇಟ್ ಪ್ರೈಜ್ ಗೆದ್ದವಳು ನಾನು. ಎದ್ದು ಹೋಗಿ ಕೋಳಿಗಳಿಗೆ ಕಾಳು ಹಾಕಿದೆ.

ಅವುಗಳಲ್ಲಿ ಚುಕ್ಕಿ ಅಂತೊಂದು ಕೋಳಿ, ಅಕ್ಕನ ಪೆಟ್. ಮೆಣಸಿನಕಾಯಿ ಸುಗ್ಗಿಯ ಹೊತ್ತು, ನಾನು ಅಲ್ಲೇ ಇದ್ದೆ. ಬೆಳಿಗ್ಗೆ ಹಿತ್ತಿಲಿನಿಂದ ಕೂಗು: "ಏ ತಂಗೀ, ಲಗೂ ಬಾ! ಚುಕ್ಕಿಗೆ ರಕ್ತಭೇದಿ ಹತ್ತೇತಿ!" ಹೋಗಿ ನೋಡಿದರೆ, ಹೌದು, ಹಿಕ್ಕೆ ಕೆಂಪಗಿದೆ. ತಕ್ಷಣ ಆಟೋ ಬಂತು. ಪೇಶಂಟನ್ನು ಸುತ್ತಿದ್ದು ಯಾವುದರಲ್ಲಿ ಗೊತ್ತೆ? ನಾನು ಆಸೆಯಿಂದ ಅಕ್ಕನಿಗೆ ಕೊಟ್ಟಿದ್ದ ಕಾಶ್ಮೀರಿ ಶಾಲಿನಲ್ಲಿ! ಆಟೋದಲ್ಲಿ ಅದು ನನ್ನ ಮಡಿಲಲ್ಲಿ ಕುಳಿತು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ನಮಗೆ ಡಿಗ್ನಿಟಿ ಕಲಿಸಿದ ಕಾನ್ವೆಂಟಿನ ಮದರ್ ಆ ಸೀನ್ ನೋಡಿದ್ದರೆ!

ದನದ ಡಾಕ್ಟರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಅಮ್ಮಾರ, ಅಂಗಳದಾಗ ಏನ ಒಣಾಕ ಹಾಕೀರಿ?"

"ಮೆಣಸಿನಕಾಯ್ರಿ."

"ಈಕಿ ಹೊಟ್ಟಿ ತುಂಬ ಅದನ್ನ ತಿಂದಾಳ್ರಿ. ಇದು ರಕ್ತ ಅಲ್ಲ, ಮೆಣಸಿನಕಾಯಿ ಸಿಪ್ಪಿ. ಕೋಳಿಗೆ ಖಾರ ಹತ್ತಂಗಿಲ್ಲ ನೋಡ್ರಿ."

ನನಗೆ ನೆಲ ಬಿರಿಯಬಾರದೆ ಅನ್ನಿಸಿತು. ಅಕ್ಕ? ಎದೆಯುಬ್ಬಿಸಿ ನಿಂತಳು. "ನೋಡ್ರಿ ಡಾಕ್ಟರ್ ಸಾಹೇಬ್ರ, ನಮ್ಮ ಬ್ಯಾಡಗಿ ಕಾಯಿ ಬಣ್ಣ! ಹೊಟ್ಟ್ಯಾಗ ಹಾದು ಬಂದರೂ ಮಾಸಿಲ್ಲ!"

ಇಷ್ಟರವರೆಗೆ ನಾನೂ ನಕ್ಕೆ. ಆಮೇಲೆ ನನ್ನ ಪಿತ್ತಕೋಶದಲ್ಲಿ ಕಲ್ಲು ಬೆಳೆಯಿತು. ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಆಪರೇಷನ್. ಜೊತೆಗೆ ಮಗಳಿದ್ದಳು, ಆದರೆ ಹೆದರಿಕೆಯಾದಾಗ ನನಗೆ ಬೇಕಾಗುವವಳು ಅಕ್ಕ ಒಬ್ಬಳೇ. ಫೋನ್ ಮಾಡಿದೆ.

"ಅಕ್ಕಾ, ನಾಳೆ ಆಪರೇಷನ್. ಬರ್ತೀಯಿಲ್ಲೋ?"

"ಹೆಂಗ ಬರಲೇ? ಚುಕ್ಕಿ ಗಂಟಲ ಚೀಲ ಉಬ್ಬಿ ಕುಂತೈತಿ. ತಿಂದದ್ದು ಕೆಳಗ ಇಳಿಯವಲ್ದು. ಬಾಯಿ ಹುಳಿ ನಾರಾಕತ್ತೈತಿ."

"ನನ್ನ ಹೊಟ್ಟ್ಯಾಗ ಕಲ್ಲೈತಿ!"

"ನಿನಗ ಡಾಕ್ಟರ್ ಅದಾರ, ನರ್ಸ್ ಅದಾರ, ಮಗಳದಾಳ. ಅದಕ್ಕ ಯಾರದಾರ?"

ಫೋನಿಟ್ಟು ಅತ್ತೆ. ಯೆಸ್, ಐ ವಾಸ್ ಜೆಲಸ್. ಸವತಿಯ ಮೇಲೆ ಹೊಟ್ಟೆಕಿಚ್ಚು ಪಡುವವರುಂಟು, ನೆಗೆಣ್ಣಿಯ ಮೇಲೆ ಪಡುವವರುಂಟು. ಮೊಮ್ಮಕ್ಕಳನ್ನು ಕಂಡ ನಾನು ಒಂದು ಕೋಳಿಯ ಗಂಟಲ ಮೇಲೆ! ಡಾಕ್ಟರು ಕಲ್ಲು ತೆಗೆದರು. ಕಿಚ್ಚು ಒಳಗೇ ಉಳಿಯಿತು.

ಹಾವೇರಿಯ ನನ್ನ ಮನೆಗೆ ಬಂದು, ಗೋಡೆಗೆ ಮುಖ ಮಾಡಿ ಮಲಗಿದ್ದೆ. ಬಾಗಿಲಲ್ಲಿ ಅಕ್ಕ. ಕಂಕುಳಲ್ಲಿ ಬುಟ್ಟಿ. ಬುಟ್ಟಿಯಲ್ಲಿ ಯಾರು ಅಂತ ಕೇಳಬೇಕೆ?

"ಇಬ್ಬರನ್ನೂ ಬಿಟ್ಟಿರಾಕ ಆಗಲಿಲ್ಲವ್ವಾ," ಅಂದಳು.

ಇಬ್ಬರು! ನನಗೂ ಅದಕ್ಕೂ ಒಂದೇ ರ‍್ಯಾಂಕು! ನಾನು ಮಂಚದ ಮೇಲೆ, ಚುಕ್ಕಿ ಮಂಚದ ಕೆಳಗೆ, ಜನರಲ್ ವಾರ್ಡು. ನನಗೆ ಎಣ್ಣೆ ಬಂದ್, ಅದಕ್ಕೆ ಕಾಳು ಬಂದ್. ಅದರ ಗಂಟಲ ಉಬ್ಬನ್ನು ಬೆರಳ ತುದಿಯಿಂದ ಅಷ್ಟಷ್ಟೇ ನೀವಿ ಕರಗಿಸುವಳು. ಆ ಮೇಲೆ ನನ್ನ ಪಾದ ನೀವುವಳು. ಮೊದಲು ಅದು, ಆಮೇಲೆ ನಾನು. ಅದನ್ನೂ ನಾನು ಗಮನಿಸುತ್ತಿದ್ದೆ ಅನ್ನಿ. ಒಂದು ಮುಂಜಾನೆ ಚುಕ್ಕಿಯ ಕೊಕ್ಕು ಬಿಡಿಸಿ ಮೂಸಿ, "ಹುಳಿ ವಾಸನಿ ಹೋತು!" ಅಂತ ಕುಣಿದಾಡಿದಳು. ಅದೇ ಕೈಯಲ್ಲಿ ನನ್ನ ಗಲ್ಲ ಹಿಡಿದಳು. "ಎಲ್ಲಿ, ನೀ ಬಾಯಿ ತಗಿ."

ನಕ್ಕು ನಕ್ಕು ಹೊಲಿಗೆ ಎಳೆದವು. ಆ ನಗೆಯ ಧೈರ್ಯದಲ್ಲಿ ಕೇಳಿಯೇ ಬಿಟ್ಟೆ: "ಖರೇ ಹೇಳಕ್ಕಾ, ನಿನಗ ಯಾರ ಮ್ಯಾಲೆ ಜೀವ ಜಾಸ್ತಿ? ನನ್ನ ಮ್ಯಾಲೋ, ಅದರ ಮ್ಯಾಲೋ?"

"ಹುಚ್ಚಿ! ಅದಕ್ಕಿರೋ ಬುದ್ಧಿ ನಿನಗಿಲ್ಲ. ಅದು ಒಂದಿನಾರ ಹಿಂಗ ಕೇಳೇತೇನು?"

ಬೈಗುಳ ಸಿಕ್ಕಿತು, ಉತ್ತರ ಸಿಗಲಿಲ್ಲ.

ಪೇಶಂಟುಗಳು ಇಬ್ಬರೂ ಚೇತರಿಸಿಕೊಂಡೆವು. ಅವಳನ್ನು ಬ್ಯಾಡಗಿ ಬಸ್ಸಿಗೆ ಹತ್ತಿಸಲು ನಾನೇ ಹಾವೇರಿ ಬಸ್ ಸ್ಟ್ಯಾಂಡಿಗೆ ಹೋದೆ. ಮುಂದಿನ ಸುಗ್ಗಿಯೊಳಗೇ ಅಕ್ಕ ಮಲಗಿದಲ್ಲೇ ಹೋಗಿಬಿಟ್ಟಳು. ಆಗ ದೂರದ ಊರಿಗೆ ಹೋಗಿದ್ದ ನಾನು ಅವಳನ್ನು ಮಣ್ಣು ಮಾಡುವ ಹೊತ್ತಿಗೂ ಬಂದು ಮುಟ್ಟಲಿಲ್ಲ. ಹಾಗಾಗಿ ನಾನು ಅವಳನ್ನು ಕೊನೆಯ ಸಲ ನೋಡಿದ್ದು ಆ ಬಸ್ಸಿನ ಕಿಟಕಿಯಲ್ಲಿ. ಬುಟ್ಟಿ ತೊಡೆಯ ಮೇಲಿತ್ತು. ಬಸ್ಸು ಹೊರಟಾಗ ಚುಕ್ಕಿ ಗಾಬರಿಯಾಗಿ ಕತ್ತು ಹೊರಗೆ ಹಾಕಿ ಅವಳ ಗದ್ದ ಕುಕ್ಕತೊಡಗಿತು. ಅಕ್ಕ ಒಂದು ಕೈಯಿಂದ ಅದರ ತಲೆಯನ್ನು ಬುಟ್ಟಿಯೊಳಗೆ ಅದುಮಿ ಹಿಡಿದಳು. ಅದರ ಕಡೆ ತಿರುಗಲೂ ಇಲ್ಲ. ಬಸ್ಸು ಗೇಟು ದಾಟುವವರೆಗೂ ನನ್ನನ್ನೇ ನೋಡುತ್ತಿದ್ದಳು.