ಹಿಂದಿನ ಬೆಂಚಿನ ಭೀಮೇಶ

ಬಿ.ಕಾಂ.ನಲ್ಲಿ ಕಲಿತ ಡೆಬಿಟ್ಟು ಕ್ರೆಡಿಟ್ಟುಗಳೆಲ್ಲ ಭೀಮೇಶನಿಗೆ ಮರೆತುಹೋಗಿದ್ದವು. ಸಂವಿಧಾನದ ಒಂದೇ ಒಂದು ಕ್ಲಾಸು ಮಾತ್ರ ಮರೆತಿರಲಿಲ್ಲ. ಮಸ್ಕಿಯ ಕಚೇರಿಯಲ್ಲಿ ಬೇರೆಯವರು ಮರೆಯುವುದಕ್ಕೂ ಅವನು ಬಿಟ್ಟಿರಲಿಲ್ಲ.

ಸಿಂಧನೂರಿನ ಕಾಲೇಜಿನಲ್ಲಿ ಅದು ಎಲ್ಲರಿಗೂ ಕಡ್ಡಾಯ. ಊಟದ ನಂತರದ ಪಿರಿಯಡ್ಡು. ಹುಡುಗರು ಬಾಡಿದ ಬದನೆಕಾಯಿಯಂತೆ ತೂಕಡಿಸುತ್ತಿದ್ದರು. ಒಂದು ದಿನ ಮೆಹರಬಾನು ಮೇಡಂ ಬಂದವರೇ, "ಇವತ್ತು ಹಿಂದಿನ ಬೆಂಚಿನವರು ನೀರು ಕುಡಿಯಾಕೂ ಮುಂದಿನವರನ್ನ ಕೇಳಬೇಕು" ಎಂದರು. ಅರ್ಧ ತಾಸಿನಲ್ಲಿ ಮುಂದಿನವರು ನವಾಬರಾದರು. ಭೀಮೇಶ ಎದ್ದು ನಿಂತ.

"ನೀರಿಗೆ ಯಾರನ್ನೂ ಕೇಳಂಗಿಲ್ರಿ ಮೇಡಂ!"

ಮೇಡಂ ನಕ್ಕು, ಕಾನೂನಿನ ಮುಂದೆ ಎಲ್ಲರೂ ಸಮಾನರೆಂಬ ಹದಿನಾಲ್ಕನೇ ವಿಧಿಯನ್ನು ಅವನಿಂದಲೇ ಓದಿಸಿದರು. ಅವನ ಮನೆತನದಲ್ಲಿ ಯಾರೂ ನೀರಿನ ಬಗ್ಗೆ ಅಷ್ಟು ಗಟ್ಟಿ ದನಿಯಲ್ಲಿ ಮಾತಾಡಿರಲಿಲ್ಲ.

ಇವತ್ತು ಆ ಮೇಡಂ ನಿವೃತ್ತಿಯ ಸಮಾರಂಭ. ಆ ಕ್ಲಾಸಿನ ಕತೆ ಹೇಳಲು ಭೀಮೇಶನಿಗೇ ಕರೆ ಬಂದಿತ್ತು. ಲಿಂಗಸುಗೂರಿನಲ್ಲಿ ಐಟಿಐ ಓದಿದ್ದ ಸಹೋದ್ಯೋಗಿ ಅಜೀಮ್ ಫೋಟೋ ಹೊಡೆಯಲು ಜೊತೆಗೆ ಹೊರಟ.

ಸಿಂಧನೂರಿನ ಬಸ್ಸು ಅರ್ಧ ದಾರಿಯಲ್ಲಿದ್ದಾಗ ಗ್ಯಾನಮ್ಮ ಎಂಬ ಮುದುಕಿ ಕೆನ್ನೆ ಉಬ್ಬಿಸಿಕೊಂಡು, "ಊಂ! ಊಂ!" ಎಂದು ಬಾಗಿಲು ತೋರಿಸಿದಳು.

"ಎಕ್ಸ್‌ಪ್ರೆಸ್ ಐತೆವ್ವ, ನಡುವ ನಿಲ್ಲಂಗಿಲ್ಲ" ಎಂದ ಕಂಡಕ್ಟರು.

ಅಜೀಮ್ ಮೊಣಕೈಯಿಂದ ತಿವಿದ. "ಭೀಮೇಶಣ್ಣ, ಎಲ್ಲಿ ಹೋತು ನಿನ್ನ ಹದಿನಾಲ್ಕನೇ ವಿಧಿ?"

ಅಷ್ಟೇ ಸಾಕಾಯಿತು. ಭೀಮೇಶ ಎದ್ದ. "ಸಾಹೇಬ್ರು ಕೈ ಮಾಡಿದ್ರ ನಿಲ್ಲಸ್ತೀರಿ, ಬಡವಿಗೆ ನಿಲ್ಲಸಂಗಿಲ್ಲೇನು? ಕಾನೂನು ಎಲ್ಲಾರಿಗೂ ಒಂದ ಐತಿ!" ಬಸ್ಸಿನ ತುಂಬ ಶಿಳ್ಳೆ, ಚಪ್ಪಾಳೆ. ಡ್ರೈವರ್ ಬ್ರೇಕು ಒತ್ತಿದ. ಭೀಮೇಶ ಮದುಮಗನ ಠೀವಿಯಲ್ಲಿ ಗ್ಯಾನಮ್ಮನ ಗಂಟು ಹೊತ್ತು, ಕೈಹಿಡಿದು ಇಳಿಸಿದ. ಇಬ್ಬರೂ ಇಳಿದರೆಂದು ಕಂಡಕ್ಟರು ಸೀಟಿ ಊದಿದ. ಒಳಗಿಂದ ಅಜೀಮ್ ಕೂಗಿದ್ದು ಚಪ್ಪಾಳೆಯ ಗದ್ದಲದಲ್ಲಿ ಕೇಳದೆ ಬಸ್ಸು ಹೊರಟೇಬಿಟ್ಟಿತು.

ಗ್ಯಾನಮ್ಮ ಬೇಲಿಯ ಬುಡದಲ್ಲಿ ಬಾಯಿತುಂಬ ಇದ್ದ ಎಲೆ ಅಡಿಕೆ ಉಗುಳಿ ತಿರುಗಿದಳು. "ಯಪ್ಪಾ, ಗಂಟ್ಯಾಕ ಇಳಿಸಿದಿ? ನಾ ಸಿಂಧನೂರಿಗೆ ಹೊಂಟೀನಿ. ಉಗುಳಾಕ ನಿಲ್ಲಸು ಅಂದ್ರ ನೀ ಭಾಷಣ ಮಾಡಿದೆಲ್ಲೋ!"

ಭತ್ತದ ಹುಲ್ಲಿನ ಟ್ರ್ಯಾಕ್ಟರೊಂದು ಸಿಕ್ಕಿ, ಗ್ಯಾನಮ್ಮನನ್ನು ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟು ಭೀಮೇಶ ಕಾಲೇಜು ಮುಟ್ಟುವ ಹೊತ್ತಿಗೆ ಕುರ್ಚಿಗಳನ್ನು ಒಳಗಿಡುತ್ತಿದ್ದರು. ಮೇಡಂ ಪಕ್ಕದಲ್ಲಿ ಶಾಲು ಹೊದ್ದು ನಿಂತವನು ಅಜೀಮ್!

ಅವನು ಓಡಿಬಂದು ಪಿಸುಗುಟ್ಟಿದ: "ನಿನ್ನ ಹೆಸರು ಕೂಗಾಕತ್ತಿದ್ರು. ಮೇಡಂ ಮಾರಿ ಸಣ್ಣದಾತು. ಕಚೇರ್ಯಾಗ ದಿನಾ ಕೇಳಿ ಕೇಳಿ ಬಾಯಿಪಾಠ ಆಗಿತ್ತಲ್ಲ, ಎದ್ದು ಹೇಳಿಬಿಟ್ಟೆ. ಮಂದಿ ಎದ್ದು ನಿಂತು ಚಪ್ಪಾಳಿ ಹೊಡದ್ರಣ್ಣ!"

ಭೀಮೇಶನ ಎದೆ ಉಬ್ಬಿತು. ಅಷ್ಟರಲ್ಲಿ ಮೇಡಂ ಬಂದರು; ಕಣ್ಣುಗಳಿನ್ನೂ ಒದ್ದೆಯಾಗಿದ್ದವು.

"ನಮ್ಮ ಭೀಮೇಶ ಎಷ್ಟು ಚಂದ ಮಾತಾಡಿದ! ಮುಖ ನೋಡಿದ ಕೂಡಲೇ ಗುರ್ತು ಹಿಡಿದೆ" ಎಂದು ಅಜೀಮನ ಬೆನ್ನು ತಟ್ಟಿದರು. "ನೀ ಯಾರಪಾ?"

ಭೀಮೇಶ ಬಾಯಿ ತೆರೆದ. ಮೇಡಂ ಮುಖದ ಸಂತೋಷ ಕಂಡು ಮಾತು ಬದಲಾಯಿತು.

"ಅಜೀಮ್ ರೀ ಮೇಡಂ."

ಮೇಡಂ ಅವನ ತಲೆಯ ಹುಲ್ಲುಕಡ್ಡಿ ತೆಗೆದು ಕನಿಕರದಿಂದ ಹೇಳಿದರು: "ಭೀಮೇಶನ್ನ ನೋಡಿ ಕಲಿಯಪ್ಪ ಅಜೀಮ್. ಜೀವನದಾಗ ಒಂದು ಸಲಾನಾದ್ರೂ ಹಂಗ ಎದ್ದು ನಿಲ್ಲಬೇಕು!"