ಚಿಲಕ ನೋಡುವ ಅತ್ತೆ

ನಮ್ಮ ಸೋದರತ್ತೆಯನ್ನು ಯಾವ ಮದುವೆಗೆ ಕರೆದರೂ ಅವರು ಮೊದಲು ನೋಡುವುದು ಹೆಣ್ಣನ್ನೂ ಅಲ್ಲ, ಗಂಡನ್ನೂ ಅಲ್ಲ, ಕಕ್ಕಸನ್ನು. ನನ್ನ ತಂಗಿಗೆ ಗಂಡು ನೋಡಲು ಹೋದಾಗ ನಾವೆಲ್ಲ ಕಾಫಿ ಲೋಟ ಹಿಡಿದು ಹುಡುಗನ ಸಂಬಳ, ಜಮೀನು ವಿಚಾರಿಸುತ್ತಿದ್ದರೆ ಅತ್ತೆ ಹಿತ್ತಲ ಕಡೆ ಹೋಗಿ ಬಂದರು.

"ನೀರು ಬರ್ತೈತೆ, ಚಿಲಕ ಗಟ್ಟಿಯಾಗೈತೆ. ಹುಡುಗ ಪರವಾಗಿಲ್ಲ," ಎಂದರು.

ತಂಗಿ ಇವತ್ತಿಗೂ ಆ ಮನೆಯಲ್ಲಿ ಸುಖವಾಗಿದ್ದಾಳೆ. ಏನು ಹೇಳೋಣ?

ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆಸಿದ ಒಕ್ಕಲು ಮನೆತನ ನಮ್ಮದು. ಒಂದು ವರ್ಷ ಜಿಲ್ಲೆಯ ದೊಡ್ಡ ಹಾಕಿ ಪಂದ್ಯಾವಳಿ ನಮ್ಮೂರ ಶಾಲೆಯ ಮೈದಾನಕ್ಕೆ ಬಂತು. ಸಮಿತಿಯ ಅಧ್ಯಕ್ಷರು ಪಾಲಿಬೆಟ್ಟದ ಕಡೆಯ ಎಸ್ಟೇಟ್ ಮಾಲೀಕರು. ಅವರು ಊರವರನ್ನು ಸೇರಿಸಿ ಗ್ಯಾಲರಿ, ಮೈಕು, ಅತಿಥಿಗಳ ಶಾಮಿಯಾನ ಎಲ್ಲವನ್ನೂ ವಿವರಿಸಿದರು. ಹಿಂದಿನ ಬೆಂಚಿನಿಂದ ಅತ್ತೆ ಎದ್ದರು.

"ಹೆಂಗಸ್ರಿಗೆ ಎಷ್ಟು ಕಕ್ಕಸು?"

ಅಧ್ಯಕ್ಷರು ಕೆಮ್ಮಿ, "ಟೆಂಪರರಿ ಶೀಟ್ ಹಾಕಿಸುವ, ಅಕ್ಕ, ತೊಂದರೆ ಇಲ್ಲ," ಎಂದರು.

"ಟೆಂಪರರಿ ಯಾಕೆ? ಆಟ ಮುಗಿದ ಮೇಲೆ ನಮ್ಮ ಸ್ಕೂಲ್ ಹುಡುಗೀರಿಗೆ ಅವಸರ ಆಗಾಕಿಲ್ವ?"

"ಕಟ್ಟಲಿಕ್ಕೆ ಜಾಗ ಎಲ್ಲಿ ಉಂಟು?"

"ಅದೇ, ಅತಿಥಿಗಳ ಶಾಮಿಯಾನ ಅಂದ್ರಲ್ಲ, ಅಲ್ಲಿ. ಬಾವಿ ಹತ್ರ ಐತೆ."

ಅತಿಥಿಗಳ ಶಾಮಿಯಾನ ಹುಣಸೆಮರದ ಕೆಳಗೆ ಹೋಯಿತು. ಬಾವಿಯ ಪಕ್ಕ ಇಟ್ಟಿಗೆ ಗೋಡೆ ಎದ್ದಿತು. ಮೇಸ್ತ್ರಿಯ ತಲೆಯ ಮೇಲೆ ಅತ್ತೆ ಛತ್ರಿ ಹಿಡಿದು ನಿಂತರು. ಅದು ಅವನ ಮೇಲಿನ ಕರುಣೆಯೆಂದು ಯಾರೂ ತಿಳಿಯಬೇಡಿ; ಬಿಸಿಲಿನ ನೆಪ ಹೇಳಿ ಅವನು ಕೆಲಸ ಬಿಟ್ಟು ಏಳದಿರಲಿ ಎಂದು. ಬಾಗಿಲು ಕೂರಿಸಿದ ದಿನ ತಾವೇ ಒಳಗೆ ಹೋಗಿ ಚಿಲಕ ಹಾಕಿ ಪರೀಕ್ಷಿಸಿದರು. ಚಿಲಕ ಬಿದ್ದದ್ದು ಮತ್ತೆ ಏಳಲಿಲ್ಲ. ಮೇಸ್ತ್ರಿ ಬೆವತುಕೊಂಡು ಬಾಗಿಲನ್ನೇ ಒಡೆದ. ಅತ್ತೆ ಸೀರೆ ಕೊಡವುತ್ತ ಈಚೆ ಬಂದು, "ಚಿಲಕ ಪಾಸು, ಬಾಗಿಲು ಫೇಲು. ಬೇರೆ ತಗೊಂಬಾ," ಎಂದರು.

ಪಂದ್ಯಾವಳಿ ಭರ್ಜರಿಯಾಗಿ ನಡೆಯಿತು. ದೂರದ ಬಾಳೆಲೆ, ಭಾಗಮಂಡಲ ಊರುಗಳಿಂದ ಜೀಪು ತುಂಬ ಜನ ಬಂದರು. ಎಸ್ಟೇಟ್ ಕೂಲಿಗಳ ಲೈನ್ ಮನೆಗಳ ತಮಿಳು ಹೆಂಗಸರು, ಮಲಯಾಳಿ ಅಜ್ಜಿಯರು, ನಮ್ಮ ಓಣಿಯವರು ಒಂದೇ ಮೆಟ್ಟಿಲ ಮೇಲೆ ಕುಳಿತು ಕಡಲೆಕಾಯಿ ಹಂಚಿಕೊಂಡರು. ಹಿಂದೆಲ್ಲ ಮಧ್ಯಾಹ್ನವಾದರೆ ಹೆಂಗಸರು ಮೆಲ್ಲಗೆ ಮನೆಗೆ ಜಾರುತ್ತಿದ್ದರು. ಈ ಸಲ ಕೊನೆಯ ಸೀಟಿಯವರೆಗೂ ಅಲ್ಲಾಡಲಿಲ್ಲ. ಅತ್ತೆ ಮಾತ್ರ ಒಂದು ಗೋಲನ್ನೂ ನೋಡಲಿಲ್ಲ. ಕುರ್ಚಿ ಹಾಕಿಕೊಂಡು ಇಟ್ಟಿಗೆ ಗೋಡೆಯ ಮುಂದೆ ಕಾವಲಿದ್ದರು. ಮುಖ್ಯ ಅತಿಥಿಯಾಗಿ ಬಂದ ಹೆಂಗಸಿಗೂ, "ಮೇಡಂ, ಸಾಲು ಅಲ್ಲಿಂದ," ಎಂದು ಬೆರಳು ತೋರಿಸಿದರು. ಫೈನಲ್‌ನಲ್ಲಿ ಮೈದಾನವೇ ಹಾರಿಹೋಗುವಂತೆ ಕೂಗೆದ್ದಾಗ ನಾನು ಓಡಿಹೋಗಿ ಗೋಲಿನ ಸುದ್ದಿ ಹೇಳಿದೆ.

"ಯಾರಿಗಾದ್ರೂ ಆಗ್ಲಿ. ಇಲ್ಲಿ ನೀರು ಖಾಲಿ, ಬಕೆಟ್ ಹಿಡಿ."

ಪಂದ್ಯಾವಳಿ ಮುಗಿದು ಶಾಮಿಯಾನ ಹೋಯಿತು. ಆಟಗಾರರು ಒಂದಷ್ಟು ಹಳೆಯ ಸ್ಟಿಕ್ಕುಗಳನ್ನು ಶಾಲೆಗೆ ಬಿಟ್ಟುಹೋದರು. ಜೂನ್‌ನಲ್ಲಿ ಶಾಲೆ ತೆರೆದಾಗ ನಮ್ಮ ಹುಡುಗಿಯರದೇ ಒಂದು ತಂಡವಾಯಿತು. ಊಟದ ಹೊತ್ತಿಗೆ ಮನೆಗೆ ಹೋಗಿ ತಿರುಗಿ ಬಾರದಿದ್ದವರು ಈಗ ಐದು ಗಂಟೆಯಾದರೂ ಹೊರಡುವುದಿಲ್ಲ ಎಂದು ಡ್ರಿಲ್ ಮೇಷ್ಟ್ರು ನಗುತ್ತ ದೂರಿದರು.

ಒಂದು ಸಂಜೆ ಮಳೆ ಬಿಟ್ಟಾಗ ಅತ್ತೆ ಮೈದಾನದ ಕಟ್ಟೆಯ ಮೇಲೆ ಕುಳಿತು ಹುಡುಗಿಯರ ಆಟ ನೋಡುತ್ತಿದ್ದರು. ನಾನು ತಮಾಷೆಗೆ, "ಅತ್ತೆ, ನಿಮಗೆ ಈ ಕಕ್ಕಸಿನ ಹುಚ್ಚು ಹಿಡಿದದ್ದು ಯಾವಾಗ?" ಎಂದು ಕೇಳಿದೆ.

"ಏಳನೇ ಕ್ಲಾಸಲ್ಲಿ," ಎಂದರು ಅತ್ತೆ, ನಗದೆ. "ಸ್ಕೂಲಲ್ಲಿ ಹೋಗೋಕೆ ಜಾಗ ಇರ್ಲಿಲ್ಲ. ಅದಕ್ಕೆ ಬೆಳಗ್ಗೆಯಿಂದ ಒಂದು ತೊಟ್ಟು ನೀರು ಕುಡೀತಿರ್ಲಿಲ್ಲ. ಒಂದಿನ ಬಿಸಿಲಲ್ಲಿ ತಲೆ ಸುತ್ತಿ ಬಿದ್ದೆ. ಅಪ್ಪ ಎತ್ಕೊಂಡು ಬಂದೋರು ಮತ್ತೆ ಕಳಿಸ್ಲಿಲ್ಲ. ಗಣಿತದಲ್ಲಿ ನಾನೇ ಫಸ್ಟು ಇದ್ದೆ ಕಣೋ."

ಅಷ್ಟರಲ್ಲಿ ಲೈನಿನ ಹುಡುಗಿಯೊಬ್ಬಳು ಏದುಸಿರು ಬಿಡುತ್ತ ನಮ್ಮ ಪಕ್ಕಕ್ಕೆ ಓಡಿಬಂದು, ಬಾಟಲಿ ಎತ್ತಿ, ಕತ್ತು ಹಿಂದಕ್ಕೆ ಬಾಗಿಸಿ ಗಟಗಟನೆ ನೀರು ಕುಡಿದಳು. ಗಲ್ಲದಿಂದ ಇಳಿದ ನೀರು ಅವಳ ಅಂಗಿಯನ್ನೆಲ್ಲ ತೋಯಿಸಿತು. ಅತ್ತೆ ಆಟ ಮರೆತು, ಬಾಟಲಿ ಬರಿದಾಗುವ ತನಕ ಅವಳನ್ನೇ ನೋಡುತ್ತ ಕುಳಿತರು.